ಖಿನ್ನತೆಗೆ ವಿದ್ಯುತ್ ಸೆಳವು ಚಿಕಿತ್ಸೆ: ಮಿದುಳಿನಲ್ಲಿ ಆಗುವುದೇನು?



ತೀವ್ರ ಖಿನ್ನತೆಯಿಂದ ಬಳಲುವವರಿಗೆ ಮನೋವೈದ್ಯರು ಕೆಲವೊಮ್ಮೆ ಇ.ಸಿ.ಟಿ. ಎಂಬ ಚಿಕಿತ್ಸೆಯನ್ನು ಸೂಚಿಸುತ್ತಾರೆ. ಜನರ ಮಾತಿನಲ್ಲಿ ಇದು ‘ಕರೆಂಟು ಕೊಡುವುದು’ ಅಥವಾ ‘ಶಾಕ್ ಟ್ರೀಟ್‌ಮೆಂಟ್’. ಆ ಮಾತು ಕಿವಿಗೆ ಬಿದ್ದೊಡನೆ ಮನೆಯವರು ಕಂಗಾಲಾಗುತ್ತಾರೆ. ‘ಮಿದುಳು ಸುಟ್ಟುಹೋಗುತ್ತದಂತೆ, ಕರೆಂಟು ಬೇಡ, ನೀವೇ ಏನಾದರೂ ಔಷಧ ಕೊಡಿ ಡಾಕ್ಟರೇ’ ಎಂದು ನಮ್ಮಂತಹ ಆಯುರ್ವೇದ ವೈದ್ಯರ ಬಳಿಗೆ ರೋಗಿಯನ್ನು ಕರೆತರುವ ಕುಟುಂಬಗಳು ಹಲವು. ಅಷ್ಟರಲ್ಲಿ ರೋಗಿಯು ಅನ್ನ ನೀರು ಬಿಟ್ಟು ದಿನಗಳೇ ಕಳೆದಿರುತ್ತವೆ. ಕೆಲವರ ಮನಸ್ಸಿನಲ್ಲಿ ಪ್ರಾಣ ಕಳೆದುಕೊಳ್ಳುವ ಆಲೋಚನೆ ಬಲಿತಿರುತ್ತದೆ. ಇಂತಹ ಸ್ಥಿತಿಯಲ್ಲಿ ಹೆದರಿಕೆಯಿಂದ ಕಳೆಯುವ ಒಂದು ವಾರವೂ ದುಬಾರಿಯಾಗಬಹುದು.

ಈ ಚಿಕಿತ್ಸೆಯನ್ನು ನಾವು ಮಾಡುವವರಲ್ಲ. ಅದು ಮನೋವೈದ್ಯರ ಮತ್ತು ಅರಿವಳಿಕೆ ತಜ್ಞರ ಕೆಲಸ. ಆದರೆ ಅದರಿಂದ ಮಿದುಳಿನಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅರಿತುಕೊಂಡರೆ ಕುಟುಂಬದವರು ಭಯದಿಂದಲ್ಲದೆ ವಿವೇಚನೆಯಿಂದ ನಿರ್ಧಾರ ಕೈಗೊಳ್ಳಬಹುದು. ಆ ಉದ್ದೇಶದಿಂದ ಈ ಲೇಖನ.

ಯಾವ ಖಿನ್ನತೆಗೆ ಈ ಚಿಕಿತ್ಸೆ?

ಬೆಳೆ ಕೈಕೊಟ್ಟಾಗ, ಆಪ್ತರು ಅಗಲಿದಾಗ ಉಂಟಾಗುವ ದುಃಖ ಸಹಜವಾದದ್ದು. ಖಿನ್ನತೆ ಎಂಬ ರೋಗ ಅದಕ್ಕಿಂತ ಭಿನ್ನ. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಬೆಳಗಿನ ಜಾವವೇ ಎಚ್ಚರವಾಗುವುದು, ಹಸಿವು ಮತ್ತು ತೂಕ ಇಳಿಯುವುದು, ತಾನು ಪಾಪಿ, ನಿಷ್ಪ್ರಯೋಜಕ ಎಂಬ ಭಾವನೆ ಕಾಡುವುದು ಇದರ ಲಕ್ಷಣಗಳು. ಚರಕಾಚಾರ್ಯರು ಸೂತ್ರಸ್ಥಾನದಲ್ಲಿ, ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲೆಲ್ಲ ವಿಷಾದವೇ ಅಗ್ರಗಣ್ಯವೆಂದು ಎಣಿಸಿದ್ದಾರೆ. ಮನಸ್ಸಿನ ಕುಗ್ಗುವಿಕೆಯನ್ನು ನಮ್ಮ ಪ್ರಾಚೀನರು ಹಗುರವಾಗಿ ಕಂಡವರಲ್ಲ.

ಖಿನ್ನತೆ ಇರುವವರಲ್ಲಿ ಹೆಚ್ಚಿನವರಿಗೆ ಇ.ಸಿ.ಟಿ. ಬೇಕಾಗುವುದಿಲ್ಲ. ಆಪ್ತ ಸಮಾಲೋಚನೆ ಮತ್ತು ಔಷಧಗಳಿಂದಲೇ ಅವರು ಚೇತರಿಸಿಕೊಳ್ಳುತ್ತಾರೆ. ಮುಖ್ಯವಾಗಿ ನಾಲ್ಕು ಸಂದರ್ಭಗಳಲ್ಲಿ ವೈದ್ಯರು ಇದನ್ನು ಆಲೋಚಿಸುತ್ತಾರೆ. ಒಂದು, ರೋಗಿಯು ಆಹಾರ, ನೀರು ಬಿಟ್ಟು ಜೀವಕ್ಕೆ ಅಪಾಯ ಒದಗಿದಾಗ. ಎರಡು, ಆತ್ಮಹತ್ಯೆಯ ಪ್ರವೃತ್ತಿ ಪ್ರಬಲವಾಗಿದ್ದಾಗ. ಮೂರು, ಖಿನ್ನತೆಯೊಂದಿಗೆ ಭ್ರಮೆಗಳು ಸೇರಿದಾಗ, ಅಥವಾ ರೋಗಿಯು ಮಾತು ಚಲನೆ ಇಲ್ಲದೆ ಕಲ್ಲಿನಂತೆ ಕುಳಿತುಬಿಟ್ಟಾಗ. ನಾಲ್ಕು, ಸೂಕ್ತ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟ ಔಷಧಗಳೂ ಫಲ ನೀಡದಿದ್ದಾಗ. ಖಿನ್ನತೆಯ ಮಾತ್ರೆಗಳು ಪೂರ್ಣ ಪರಿಣಾಮ ತೋರಲು ಹಲವು ವಾರ ಬೇಕು. ಅಷ್ಟು ಕಾಲ ಕಾಯುವಂತಿಲ್ಲದ ರೋಗಿಗಳೂ ಇದ್ದಾರೆ ಎಂಬುದನ್ನು ಮರೆಯಬಾರದು.

ಕರ್ಪೂರದಿಂದ ಆರಂಭವಾದ ಚಿಕಿತ್ಸೆ

ಈ ಚಿಕಿತ್ಸೆಯ ಮೂಲದಲ್ಲಿ ವಿದ್ಯುತ್ತು ಇರಲಿಲ್ಲ, ಕರ್ಪೂರವಿತ್ತು. 1934ರಲ್ಲಿ ಹಂಗೆರಿ ದೇಶದ ಲಾಡಿಸ್ಲಾಸ್ ಮೆಡುನಾ ಎಂಬ ವೈದ್ಯರು ಎಣ್ಣೆಯಲ್ಲಿ ಕರಗಿಸಿದ ಕರ್ಪೂರವನ್ನು ಚುಚ್ಚುಮದ್ದಾಗಿ ಕೊಟ್ಟು, ತೀವ್ರ ಮನೋರೋಗಿಗಳಲ್ಲಿ ಅಪಸ್ಮಾರದಂತಹ ಸೆಳವನ್ನು ಉಂಟುಮಾಡಿದರು. ಅಪಸ್ಮಾರ ಮತ್ತು ಸ್ಕಿಜೋಫ್ರೇನಿಯಾ ರೋಗಗಳು ಪರಸ್ಪರ ವಿರೋಧಿಗಳು ಎಂಬುದು ಅವರ ಊಹೆಯಾಗಿತ್ತು. ಆ ಊಹೆ ಮುಂದೆ ನಿಲ್ಲಲಿಲ್ಲ. ಆದರೆ ಸೆಳವಿನ ತರುವಾಯ ಕೆಲವು ರೋಗಿಗಳು ಚೇತರಿಸಿಕೊಂಡದ್ದು ನಿಜವಾಗಿತ್ತು. 1938ರಲ್ಲಿ ರೋಮ್ ನಗರದಲ್ಲಿ ಉಗೋ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಎಂಬ ವೈದ್ಯರು ಅದೇ ಸೆಳವನ್ನು ವಿದ್ಯುತ್ತಿನಿಂದ ಉಂಟುಮಾಡಿ ತೋರಿಸಿದರು. ಔಷಧಕ್ಕಿಂತ ಇದು ಹೆಚ್ಚು ಹಿಡಿತದಲ್ಲಿರುವ ವಿಧಾನವಾದ್ದರಿಂದ ಬೇಗನೆ ಎಲ್ಲೆಡೆ ಹರಡಿತು.

ಇಲ್ಲೊಂದು ಎಚ್ಚರಿಕೆ. ಪೂಜೆಯ ಕರ್ಪೂರವನ್ನು ನುಂಗಿದರೆ ಮಕ್ಕಳಲ್ಲಿ ಫಿಟ್ಸ್ ಬರುವುದುಂಟು, ಪ್ರಾಣಾಪಾಯವೂ ಉಂಟಾಗಬಹುದು. ಕರ್ಪೂರದ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಆರಂಭದ ವರ್ಷಗಳಲ್ಲಿ ಅರಿವಳಿಕೆ ಇಲ್ಲದೆ, ರೋಗಿಯು ಎಚ್ಚರವಿರುವಾಗಲೇ ಈ ಚಿಕಿತ್ಸೆ ನಡೆಯುತ್ತಿತ್ತು. ಸೆಳವಿನ ರಭಸಕ್ಕೆ ಬೆನ್ನುಮೂಳೆ ಮುರಿದ, ಹಲ್ಲಿಗೆ ಪೆಟ್ಟಾದ ಪ್ರಸಂಗಗಳೂ ಇದ್ದವು. ಚಲನಚಿತ್ರಗಳು ಇಂದಿಗೂ ತೋರಿಸುತ್ತಿರುವುದು ಆ ಹಳೆಯ ದೃಶ್ಯವನ್ನೇ. ನಮ್ಮ ದೇಶದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017, ಅರಿವಳಿಕೆ ಮತ್ತು ಸ್ನಾಯುಗಳನ್ನು ಸಡಿಲಿಸುವ ಔಷಧ ಇಲ್ಲದೆ ಇ.ಸಿ.ಟಿ. ಕೊಡುವುದನ್ನು ನಿಷೇಧಿಸಿದೆ.

ಆಯುರ್ವೇದದಲ್ಲಿಯೂ ಇಂತಹ ಚಿಕಿತ್ಸೆ ಇತ್ತೆಂದು ಕೆಲವರು ಹೇಳುವುದುಂಟು. ಚರಕ ಸಂಹಿತೆಯ ಉನ್ಮಾದ ಚಿಕಿತ್ಸೆಯಲ್ಲಿ ರೋಗಿಯನ್ನು ಬೆದರಿಸುವ ಉಪಾಯಗಳು ಹೇಳಲ್ಪಟ್ಟಿರುವುದು ನಿಜ. ಆದರೆ ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ. ಇ.ಸಿ.ಟಿ. ಪಡೆಯುವ ರೋಗಿ ಗಾಢವಾಗಿ ನಿದ್ರಿಸುತ್ತಿರುತ್ತಾರೆ. ಅಲ್ಲಿ ಬೆದರಿಕೆಯೂ ಇಲ್ಲ, ನೋವಿನ ಅರಿವೂ ಇಲ್ಲ. ಇದು ಶಿಕ್ಷೆಯಲ್ಲ ಎಂಬುದನ್ನು ರೋಗಿಗೂ ಮನೆಯವರು ತಿಳಿಹೇಳಬೇಕು.

ಚಿಕಿತ್ಸೆ ನಡೆಯುವ ಬಗೆ

ರೋಗಿಯು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ರಕ್ತನಾಳದ ಮೂಲಕ ಅರಿವಳಿಕೆ ಕೊಡುತ್ತಾರೆ. ನಿದ್ರೆ ಬಂದ ಮೇಲೆ ಸ್ನಾಯು ಸಡಿಲಿಸುವ ಔಷಧ ಕೊಡುತ್ತಾರೆ. ಮೂಗು ಬಾಯಿಗೆ ಮುಖವಾಡವಿಟ್ಟು ಆಮ್ಲಜನಕ ನೀಡುತ್ತಾರೆ. ಹಲ್ಲು, ನಾಲಿಗೆಗೆ ಪೆಟ್ಟಾಗದಂತೆ ಬಾಯಲ್ಲಿ ಮೆತ್ತನೆಯ ತಡೆಯಿಡುತ್ತಾರೆ. ಹೃದಯ ಬಡಿತ, ರಕ್ತದೊತ್ತಡ ಮತ್ತು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಯಂತ್ರಗಳು ದಾಖಲಿಸುತ್ತಿರುತ್ತವೆ. ಅನಂತರ ಎರಡು ಕಪೋಲಗಳ ಮೇಲ್ಭಾಗದಲ್ಲಿ, ಅಥವಾ ತಲೆಯ ಬಲಭಾಗದಲ್ಲಿ ಮಾತ್ರ, ಎರಡು ವಿದ್ಯುದ್ವಾರಗಳನ್ನು ಇಟ್ಟು ಕೆಲವೇ ಸೆಕೆಂಡುಗಳ ಕಾಲ ವಿದ್ಯುತ್ ಮಿಡಿತಗಳನ್ನು ಹರಿಸುತ್ತಾರೆ.

ಇದು ಮನೆಯ ವಿದ್ಯುತ್ ತಂತಿಯಲ್ಲಿ ಹರಿಯುವ ಪ್ರವಾಹದಂತಲ್ಲ. ಒಂದೊಂದು ಮಿಡಿತವೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಷ್ಟು ಕಾಲ ಮಾತ್ರ ಇರುತ್ತದೆ. ತಲೆಬುರುಡೆಯ ಮೂಳೆ ವಿದ್ಯುತ್ತನ್ನು ಬಲವಾಗಿ ತಡೆಯುವುದರಿಂದ, ಹರಿದದ್ದರಲ್ಲಿ ಬಹುಪಾಲು ತಲೆಯ ಚರ್ಮದ ಮೂಲಕವೇ ಹಾದುಹೋಗುತ್ತದೆ. ಮಿದುಳನ್ನು ಸುಡುವಷ್ಟು ಶಕ್ತಿ ಅಲ್ಲಿಗೆ ತಲುಪುವುದೇ ಇಲ್ಲ.

ಆ ಮಿಡಿತಗಳಿಂದ ಮಿದುಳಿನಲ್ಲಿ ಒಂದು ಸೆಳವು ಆರಂಭವಾಗುತ್ತದೆ. ಸ್ನಾಯುಗಳು ಸಡಿಲವಾಗಿರುವ ಕಾರಣ ಹೊರಗೆ ಕಾಲ್ಬೆರಳುಗಳ ಸಣ್ಣ ಅದುರು ಮಾತ್ರ ಕಾಣಬಹುದು. ಸಾಮಾನ್ಯವಾಗಿ 20ರಿಂದ 60 ಸೆಕೆಂಡುಗಳಲ್ಲಿ ಸೆಳವು ತಾನಾಗಿಯೇ ನಿಲ್ಲುತ್ತದೆ. ಕೆಲವು ನಿಮಿಷಗಳಲ್ಲಿ ರೋಗಿ ಕಣ್ತೆರೆಯುತ್ತಾರೆ. ವಾರಕ್ಕೆ ಎರಡು ಅಥವಾ ಮೂರು ಸಲದಂತೆ, ಒಟ್ಟು 6ರಿಂದ 12 ಸಲ ಇದನ್ನು ಕೊಡುವುದು ರೂಢಿ.

ಮಿದುಳಿನಲ್ಲಿ ಆಗುವ ಬದಲಾವಣೆಗಳು

ಗುಣ ನೀಡುವುದು ವಿದ್ಯುತ್ತಲ್ಲ, ಅದು ಹುಟ್ಟಿಸುವ ಸೆಳವು. ವಿದ್ಯುತ್ತು ಬೆಂಕಿಕಡ್ಡಿಯಿದ್ದಂತೆ, ದೀಪ ಹೊತ್ತಿದ ಮೇಲೆ ಅದರ ಕೆಲಸ ಮುಗಿಯಿತು. ಸೆಳವು ಮಿದುಳಿನಲ್ಲಿ ಉಂಟುಮಾಡುವ ಬದಲಾವಣೆಗಳನ್ನು ನಾಲ್ಕಾಗಿ ವಿಂಗಡಿಸಬಹುದು.

*ಮೊದಲನೆಯದು, ಮಿದುಳಿನ ತಡೆಶಕ್ತಿ ಹೆಚ್ಚುವುದು.* ಸೆಳವಿನ ವೇಳೆ ಅಸಂಖ್ಯ ನರಕೋಶಗಳು ಏಕಕಾಲಕ್ಕೆ ಮಿಡಿಯುತ್ತವೆ. ಅದನ್ನು ನಿಲ್ಲಿಸಲು ಮಿದುಳು ತನ್ನದೇ ತಡೆಗಳನ್ನು ಪ್ರಯೋಗಿಸುತ್ತದೆ. ನರಕೋಶಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕವು ಚಿಕಿತ್ಸೆಯ ನಂತರ ಮಿದುಳಿನ ಕೆಲವು ಭಾಗಗಳಲ್ಲಿ ಹೆಚ್ಚಾಗಿರುವುದು ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡುಬಂದಿದೆ. ಚಿಕಿತ್ಸೆ ಮುಂದುವರಿದಂತೆ ಸೆಳವು ಉಂಟುಮಾಡಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಇದರಿಂದ ಫಿಟ್ಸ್ ರೋಗ ಅಂಟಿಕೊಳ್ಳುತ್ತದೆ ಎಂಬ ಭಯವಿದೆ. ಆದರೆ ಮಿದುಳು ಸೆಳವಿಗೆ ಎದುರಾಗಿ ಗಟ್ಟಿಯಾಗುತ್ತದೆ ಎಂಬುದನ್ನೇ ಇದು ತೋರಿಸುತ್ತದೆ.

*ಎರಡನೆಯದು, ರಾಸಾಯನಿಕಗಳು ಮತ್ತು ಹಾರ್ಮೋನುಗಳು.* ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಸೆರೊಟೊನಿನ್, ಡೋಪಮಿನ್, ನಾರ್‌ಅಡ್ರಿನಲಿನ್ ದ್ರವ್ಯಗಳ ವ್ಯವಸ್ಥೆಯಲ್ಲಿ ಬದಲಾವಣೆಗಳಾಗುತ್ತವೆ. ಖಿನ್ನತೆಯ ಮಾತ್ರೆಗಳೂ ಕೆಲಸ ಮಾಡುವುದು ಇವುಗಳ ಮೇಲೆಯೇ. ಮಿದುಳಿನ ಆಳದಲ್ಲಿರುವ ಹೈಪೊಥಲಾಮಸ್ ಭಾಗವು ಪ್ರಚೋದನೆಗೊಂಡು ಹಾರ್ಮೋನುಗಳು ಸ್ರವಿಸುತ್ತವೆ. ಹಸಿವು, ನಿದ್ರೆಗಳನ್ನು ನಿಯಂತ್ರಿಸುವ ಕೇಂದ್ರವೂ ಇದೇ. ಚಿಕಿತ್ಸೆಗೆ ಸ್ಪಂದಿಸುವ ರೋಗಿಗಳಲ್ಲಿ ಮನಸ್ಸು ತಿಳಿಯಾಗುವ ಮೊದಲೇ ಊಟ, ನಿದ್ರೆ ಸುಧಾರಿಸುವುದನ್ನು ಮನೆಯವರು ಹಲವು ಬಾರಿ ಗಮನಿಸಬಹುದು.

*ಮೂರನೆಯದು, ಮಿದುಳಿನ ರಚನೆ.* ಹಿಪೊಕ್ಯಾಂಪಸ್ ಎಂಬುದು ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಸಣ್ಣ ಭಾಗ. ದೀರ್ಘಕಾಲದ ಖಿನ್ನತೆಯಲ್ಲಿ ಇದು ಕುಗ್ಗಿರುವುದು ಅನೇಕರಲ್ಲಿ ಕಂಡುಬರುತ್ತದೆ. ಇ.ಸಿ.ಟಿ. ನಂತರ ಇದರ ಗಾತ್ರ ತುಸು ಹೆಚ್ಚುವುದನ್ನು ಹಲವು ದೇಶಗಳ ಎಂ.ಆರ್.ಐ. ಅಧ್ಯಯನಗಳು ತೋರಿಸಿವೆ. ಇಲಿಗಳಲ್ಲಿ ಮತ್ತು ಮಂಗಗಳಲ್ಲಿ ಈ ಭಾಗದಲ್ಲಿ ಹೊಸ ನರಕೋಶಗಳ ಹುಟ್ಟು ಹೆಚ್ಚಿದ್ದೂ ಕಂಡುಬಂದಿದೆ. ಹಾಗೆಂದು, ಗಾತ್ರ ಹೆಚ್ಚಿದಷ್ಟೂ ರೋಗ ಗುಣವಾಗುತ್ತದೆ ಎಂದು ಹೇಳಲಾಗದು. ಆ ಎರಡಕ್ಕೂ ನೇರ ಸಂಬಂಧ ದೊಡ್ಡ ಅಧ್ಯಯನಗಳಲ್ಲಿ ಸ್ಥಾಪಿತವಾಗಿಲ್ಲ. ಆದರೆ ಮಿದುಳು ನಾಶವಾಗುತ್ತದೆ ಎಂಬ ಮಾತಿಗೆ ಸ್ಕ್ಯಾನುಗಳಲ್ಲಿ ಆಧಾರ ದೊರೆತಿಲ್ಲ ಎಂಬುದು ಮುಖ್ಯ.

*ನಾಲ್ಕನೆಯದು, ಭಾಗಗಳ ನಡುವಿನ ಸಂಪರ್ಕ.* ಮಿದುಳಿನ ಬೇರೆಬೇರೆ ಭಾಗಗಳು ಸದಾ ಪರಸ್ಪರ ಸಂವಹನ ನಡೆಸುತ್ತಿರುತ್ತವೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಎಡ ಮುಂಭಾಗದ ಒಂದು ಪ್ರದೇಶವು ಇತರ ಭಾಗಗಳೊಂದಿಗೆ ಹೊಂದಿದ್ದ ಅತಿಯಾದ ಸಂಪರ್ಕ ಚಿಕಿತ್ಸೆಯ ನಂತರ ತಗ್ಗಿತ್ತು. ಅಧ್ಯಯನಕ್ಕೆ ಒಳಪಟ್ಟವರು 9 ಮಂದಿ ಮಾತ್ರವಾದ್ದರಿಂದ ಇದನ್ನು ಕೊನೆಯ ಮಾತೆಂದು ತಿಳಿಯಬಾರದು. ಒಂದೇ ಕೊರಗನ್ನು ಮತ್ತೆ ಮತ್ತೆ ಮೆಲುಕು ಹಾಕುವ ಖಿನ್ನ ಮನಸ್ಸಿನ ಸ್ಥಿತಿಯನ್ನು ಅರಿಯಲು ಇಂತಹ ಶೋಧಗಳು ದಾರಿ ತೋರುತ್ತವೆ.

ಈ ನಾಲ್ಕರಲ್ಲಿ ಗುಣ ನೀಡುವುದು ಯಾವುದು, ಅಥವಾ ಎಲ್ಲವೂ ಕೂಡಿ ಕೆಲಸ ಮಾಡುತ್ತವೆಯೇ ಎಂಬುದನ್ನು ವಿಜ್ಞಾನ ಇನ್ನೂ ನಿರ್ಣಯಿಸಿಲ್ಲ.

ಫಲ ಎಷ್ಟರಮಟ್ಟಿಗೆ?

ಈ ಪ್ರಶ್ನೆಗೆ ಉತ್ತರ ಕಾಣಲು ಸಂಶೋಧಕರು ಒಂದು ಕಠಿಣ ಪರೀಕ್ಷೆ ನಡೆಸಿದರು. ಎರಡೂ ಗುಂಪಿನ ರೋಗಿಗಳಿಗೆ ಅರಿವಳಿಕೆ ಕೊಟ್ಟು, ಒಂದು ಗುಂಪಿಗೆ ಮಾತ್ರ ವಿದ್ಯುತ್ ಹರಿಸಿದರು. ಇಂಗ್ಲೆಂಡಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ನಡೆದು 1980ರಲ್ಲಿ ಪ್ರಕಟವಾದ ಇಂತಹ ಅಧ್ಯಯನದಲ್ಲಿ, ನಿಜವಾದ ಚಿಕಿತ್ಸೆ ಪಡೆದವರು ನಾಲ್ಕು ವಾರಗಳ ಕೊನೆಯಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ಆದರೆ ಆರು ತಿಂಗಳ ಹೊತ್ತಿಗೆ ಎರಡು ಗುಂಪುಗಳ ನಡುವಿನ ಅಂತರ ಉಳಿದಿರಲಿಲ್ಲ. 2003ರಲ್ಲಿ ಬ್ರಿಟನ್ನಿನ ತಜ್ಞರು ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಅಲ್ಪಾವಧಿಯಲ್ಲಿ ಇ.ಸಿ.ಟಿ. ಪರಿಣಾಮಕಾರಿ ಎಂಬುದು ದೃಢಪಟ್ಟಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಖಿನ್ನತೆಯ ಮಾತ್ರೆ ಮತ್ತು ಇ.ಸಿ.ಟಿ.ಗಳನ್ನು ಹೋಲಿಸಿ 1982ರಲ್ಲಿ ಅಧ್ಯಯನ ಪ್ರಕಟಿಸಿದರು. ಆರಂಭದ ವಾರಗಳಲ್ಲಿ ಇ.ಸಿ.ಟಿ. ಪಡೆದವರು ಬೇಗ ಸುಧಾರಿಸಿದ್ದು ಅಲ್ಲಿಯೂ ಕಂಡುಬಂತು.

ಅಂದರೆ, ಇದು ರೋಗಿಯನ್ನು ಅಪಾಯದ ಮಡುವಿನಿಂದ ಬೇಗ ಮೇಲೆತ್ತುವ ಚಿಕಿತ್ಸೆ. ದಡದಲ್ಲಿ ಉಳಿಸಿಕೊಳ್ಳಲು ಬೇರೆ ಪ್ರಯತ್ನ ಬೇಕು. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗುಣಮುಖರಾದ ನಂತರ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ 84 ಮಂದಿಗೆ 24 ವಾರಗಳೊಳಗೆ ರೋಗ ಮರುಕಳಿಸಿತು. ಎರಡು ಔಷಧಗಳನ್ನು ಒಟ್ಟಿಗೆ ಮುಂದುವರಿಸಿದವರಲ್ಲಿ ಆ ಪ್ರಮಾಣ 39ಕ್ಕೆ ಇಳಿಯಿತು. ‘ಕರೆಂಟು ಕೊಡಿಸಿ ಆಯಿತು, ಇನ್ನು ಮಾತ್ರೆ ಏಕೆ’ ಎಂದು ಔಷಧ ನಿಲ್ಲಿಸುವವರು ಈ ಅಂಕಿಗಳನ್ನು ಗಮನಿಸಬೇಕು.

ಮರೆವಿನ ಪ್ರಶ್ನೆ

ಇ.ಸಿ.ಟಿ.ಯ ನಿಜವಾದ ತೊಂದರೆ ಮರೆವು. ಇದನ್ನು ಮುಚ್ಚಿಡುವುದು ತರವಲ್ಲ. ಇದರಲ್ಲಿ ಮೂರು ಬಗೆ. ಎಚ್ಚರವಾದ ಕೂಡಲೇ ಎಲ್ಲಿದ್ದೇನೆ, ಇಂದು ಯಾವ ವಾರ ಎಂಬ ಗೊಂದಲ ಮೊದಲನೆಯದು. ಇದು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತಿಳಿಯಾಗುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಹೊಸ ವಿಷಯಗಳು ನೆನಪಿನಲ್ಲಿ ನಿಲ್ಲದಿರುವುದು ಎರಡನೆಯದು. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಈ ಶಕ್ತಿ ಮರಳುತ್ತದೆ. ಚಿಕಿತ್ಸೆಗೆ ಹಿಂದಿನ ವಾರ, ತಿಂಗಳುಗಳ ಘಟನೆಗಳು ಮರೆತುಹೋಗುವುದು ಮೂರನೆಯದು. ಇವುಗಳಲ್ಲಿ ಹಲವು ಮತ್ತೆ ನೆನಪಾಗುತ್ತವೆ. ಕೆಲವರಲ್ಲಿ ಕೆಲವು ನೆನಪುಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಮಗಳ ಮದುವೆಯ ದಿನ, ಮನೆಯ ಗೃಹಪ್ರವೇಶ ನೆನಪಿಗೆ ಬಾರದಿದ್ದರೆ ಆಗುವ ನೋವು ಸಣ್ಣದಲ್ಲ. ಅಂತಹ ದೂರನ್ನು ಮನೆಯವರಾಗಲಿ, ವೈದ್ಯರಾಗಲಿ ತಳ್ಳಿಹಾಕಬಾರದು.

ತಲೆಯ ಬಲಭಾಗಕ್ಕೆ ಮಾತ್ರ ವಿದ್ಯುತ್ ಕೊಡುವುದು, ಅತಿ ಕಿರಿದಾದ ಮಿಡಿತಗಳನ್ನು ಬಳಸುವುದು, ಎರಡು ಸರದಿಗಳ ನಡುವೆ ಹೆಚ್ಚು ಅಂತರ ಕೊಡುವುದು ಇವುಗಳಿಂದ ಮರೆವನ್ನು ತಗ್ಗಿಸಬಹುದು. ಇನ್ನು, ಮುಂದೆ ಬುದ್ಧಿಮಾಂದ್ಯದಂತಹ ಮರೆಗುಳಿ ರೋಗ ಬರುವುದೇ ಎಂಬ ಅಳುಕು. ಡೆನ್ಮಾರ್ಕ್ ದೇಶದಲ್ಲಿ ಮನೋಭಾವದ ಕಾಯಿಲೆಯಿದ್ದ 1,68,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇ.ಸಿ.ಟಿ.ಯಿಂದ ಆ ರೋಗದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ.

ತಲೆನೋವು, ಮೈಕೈ ನೋವು, ವಾಕರಿಕೆ ಕೆಲವರಲ್ಲಿ ಕಾಣಿಸಿ ಬೇಗ ಶಮನವಾಗುತ್ತವೆ. ಸೆಳವಿನ ವೇಳೆ ಹೃದಯ ಬಡಿತ ಮತ್ತು ರಕ್ತದೊತ್ತಡ ಏರಿಳಿಯುವುದರಿಂದ, ಇತ್ತೀಚೆಗೆ ಹೃದಯಾಘಾತವಾದವರು, ಮಿದುಳಿನಲ್ಲಿ ಗೆಡ್ಡೆ ಅಥವಾ ರಕ್ತಸ್ರಾವವಾದವರ ವಿಷಯದಲ್ಲಿ ಅಪಾಯ ಹೆಚ್ಚು. ಅಂತಹವರು ಎಲ್ಲವನ್ನೂ ಮೊದಲೇ ವೈದ್ಯರಿಗೆ ತಿಳಿಸಬೇಕು.

ಆಯುರ್ವೇದದ ಸ್ಥಾನ

ಚರಕಾಚಾರ್ಯರು ಚಿಕಿತ್ಸೆಯನ್ನು ಮೂರು ವಿಧವಾಗಿ ಹೇಳಿದ್ದಾರೆ: ಪೂಜೆ, ಜಪಗಳನ್ನು ಒಳಗೊಂಡ ದೈವವ್ಯಪಾಶ್ರಯ, ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ ಮತ್ತು ಮನಸ್ಸನ್ನು ಹಿತವಲ್ಲದ ವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯ. ಒಂದನ್ನು ಆಶ್ರಯಿಸಿದವರು ಮತ್ತೊಂದನ್ನು ಬಿಡಬೇಕೆಂದು ಅವರು ಹೇಳಲಿಲ್ಲ. ಶ್ರೀಮಠಕ್ಕೆ ಬಂದು ಸನ್ನಿಧಿಯಲ್ಲಿ ಕುಳಿತರೆ ಮನಸ್ಸಿಗೆ ಬಲ ಬರುತ್ತದೆ; ಅದು ಆಸ್ಪತ್ರೆಯ ಚಿಕಿತ್ಸೆಗೆ ಜೊತೆಯಾಗಲಿ, ಬದಲಿಯಾಗದಿರಲಿ. ಬ್ರಾಹ್ಮಿ, ಅಶ್ವಗಂಧಗಳಂತಹ ದ್ರವ್ಯಗಳು ಜೀವಕ್ಕೆ ಅಪಾಯವಿರುವ ಖಿನ್ನತೆಯಲ್ಲಿ ಇ.ಸಿ.ಟಿ.ಯ ಜಾಗವನ್ನು ತುಂಬಲಾರವು. ಚೇತರಿಕೆಯ ಹಂತದಲ್ಲಿ ನಿಯತ ನಿದ್ರೆ, ಲಘು ಆಹಾರ, ಅಭ್ಯಂಗ, ಬೆಳಗಿನ ನಡಿಗೆ, ಶಕ್ತಿಗೆ ತಕ್ಕ ಕಾಯಕ ಇವು ನೆರವಾಗುತ್ತವೆ.

ವಿಶೇಷವಾಗಿ ಸರ್ಪಗಂಧದ ಬಗ್ಗೆ ಒಂದು ಮಾತು. ರಕ್ತದೊತ್ತಡ ಮತ್ತು ನಿದ್ರಾಹೀನತೆಗೆ ಬಳಸುವ ಈ ಮೂಲಿಕೆಯಲ್ಲಿ ರೆಸರ್ಪಿನ್ ಎಂಬ ಅಂಶವಿದೆ. ಇದು ಕೆಲವರಲ್ಲಿ ಖಿನ್ನತೆಯನ್ನು ಹೆಚ್ಚಿಸಬಲ್ಲದು, ಇ.ಸಿ.ಟಿ. ಜೊತೆಗೆ ಸೇರಿದರೆ ಅಪಾಯಕಾರಿ. ಸರ್ಪಗಂಧ ಘನವಟಿ ಮೊದಲ್ಗೊಂಡು ಸೇವಿಸುತ್ತಿರುವ ಯಾವುದೇ ಆಯುರ್ವೇದ ಅಥವಾ ನಾಟಿ ಔಷಧವನ್ನು ಮುಚ್ಚಿಡದೆ ಮನೋವೈದ್ಯರಿಗೆ ತಿಳಿಸಬೇಕು.

ಕುಟುಂಬದವರು ಗಮನಿಸಬೇಕಾದದ್ದು

• ಚಿಕಿತ್ಸೆಯ ದಿನ ವೈದ್ಯರು ಹೇಳಿದಷ್ಟು ಕಾಲ ಉಪವಾಸವಿರಬೇಕು. ಪೂಜೆಯ ನಂತರ ಪಾದೋದಕ, ಪ್ರಸಾದ ಸ್ವೀಕರಿಸುವ ನಿಯಮವಿರುವವರು ಅಂದು ಚಿಕಿತ್ಸೆ ಮುಗಿದು, ವೈದ್ಯರು ಒಪ್ಪಿದ ಮೇಲೆ ಸ್ವೀಕರಿಸಲಿ.

• ಹಿಂದಿನ ದಿನ ತಲೆಸ್ನಾನ ಮಾಡಿಸಬೇಕು, ಎಣ್ಣೆ ಹಚ್ಚಬಾರದು. ಹಣೆಯ ವಿಭೂತಿಯನ್ನು ಒರೆಸಿ ಚರ್ಮ ಶುಚಿಯಾಗಿರುವಂತೆ ನೋಡಿಕೊಳ್ಳಬೇಕು.

• ಆಭರಣ, ಕೃತಕ ದಂತ, ಕನ್ನಡಕ ತೆಗೆದಿರಿಸಬೇಕು. ಬೆಳ್ಳಿಯ ಕರಡಿಗೆ ಧರಿಸುವವರು ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಬೇಕು.

• ಚಿಕಿತ್ಸೆ ಮುಗಿದ ದಿನ ರೋಗಿಯನ್ನು ಒಂಟಿಯಾಗಿ ಬಿಡಬಾರದು, ವಾಹನ ನಡೆಸಲು ಬಿಡಬಾರದು. ಆ ವಾರಗಳಲ್ಲಿ ಆಸ್ತಿ ಪತ್ರ, ಹಣಕಾಸಿನ ದಾಖಲೆಗಳಿಗೆ ಸಹಿ ಹಾಕಿಸಬಾರದು.

• ಒಪ್ಪಿಗೆ ನೀಡುವ ಮುನ್ನ ಎಷ್ಟು ಸರದಿ, ಒಂದು ಪಕ್ಕಕ್ಕೋ ಎರಡೂ ಪಕ್ಕಕ್ಕೋ, ಮುಂದಿನ ಔಷಧ ಯಾವುದು ಎಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಕಾಯ್ದೆಯ ಪ್ರಕಾರ ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಒಪ್ಪಿಗೆಯಿಲ್ಲದೆ ಇ.ಸಿ.ಟಿ. ಕೊಡುವಂತಿಲ್ಲ. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಪೂರ್ವಾನುಮತಿಯೂ ಬೇಕು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋವೈದ್ಯರ ಸಲಹೆ ಪಡೆಯಬಹುದು. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನಾಡುವವರನ್ನು, ಅನ್ನ ನೀರು ಬಿಟ್ಟವರನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಮನೋವೈದ್ಯರು ಇ.ಸಿ.ಟಿ. ಸೂಚಿಸಿದರೆ, ಎದ್ದು ಬಾರದೆ ಕುಳಿತು ಪ್ರಶ್ನೆ ಕೇಳಿ, ಉತ್ತರ ಪಡೆದು, ಮನೆಯವರೆಲ್ಲ ಕೂಡಿ ನಿರ್ಧರಿಸಿರಿ.